ಧ್ಯಾನಕ್ಕೆ ಕುಳಿತು ಮತ್ತೆ ಮತ್ತೆ ಕೈಬಿಡುವವರಿಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಧ್ಯಾನ ಶುರುಮಾಡಿ ಬಿಟ್ಟವರನ್ನು ಕಾರಣ ಕೇಳಿ ನೋಡಿ. "ಕಣ್ಣು ಮುಚ್ಚಿದರೆ ಸಾಕು, ಇಲ್ಲದ ಯೋಚನೆಗಳೆಲ್ಲ ಮುತ್ತಿಕೊಳ್ಳುತ್ತವೆ, ನನ್ನ ಮನಸ್ಸಿಗೆ ಇದು ಒಗ್ಗುವುದಲ್ಲ" ಎನ್ನುವವರೇ ಹೆಚ್ಚು. ಇನ್ನು ಕೆಲವರು ಕಾಲು ಜೋಮು ಹಿಡಿಯಿತೆಂದೋ, ಕುಳಿತಲ್ಲೇ ನಿದ್ದೆ ಬಂತೆಂದೋ, ತಿಂಗಳಾದರೂ ಏನೂ ಆಗಲಿಲ್ಲವೆಂದೋ ಎದ್ದು ಹೋದವರು. ಇವರಿಗೆ ಶ್ರದ್ಧೆಯ ಕೊರತೆಯೇನೂ ಇರುವುದಿಲ್ಲ. ಕ್ರಮ ತಪ್ಪಿರುತ್ತದೆ: ಮೊದಲ ದಿನವೇ ಅರ್ಧ ಗಂಟೆ, ಮೊದಲ ದಿನವೇ ಪದ್ಮಾಸನ, ಮೊದಲ ದಿನವೇ ಮನಸ್ಸನ್ನು ಖಾಲಿ ಮಾಡುವ ಹಟ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೆ ಅದರ ತೊಂದರೆ ಎರಡು ಹಂತ ದಾಟಿದ ಮೇಲೆ ತಲೆಯೆತ್ತುತ್ತದೆ. ಆಗ ತಪ್ಪು ಎಲ್ಲಾಯಿತೆಂದು ಹುಡುಕುವುದು ಕಷ್ಟ.

## ಕೂರುವ ಮೊದಲು: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಅತಿಯಾದ ನಿರೀಕ್ಷೆಯಷ್ಟು ಬೇಗ ಅಭ್ಯಾಸವನ್ನು ಕೆಡಿಸುವುದು ಬೇರೊಂದಿಲ್ಲ. ಆದ್ದರಿಂದ ಲೆಕ್ಕವನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಧ್ಯಾನದ ಕುರಿತ 47 ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿದ ವಿಮರ್ಶೆಯನ್ನು ಪ್ರಕಟಿಸಿತು. ಅವುಗಳಲ್ಲಿ ಪಾಲ್ಗೊಂಡವರು ಸುಮಾರು 3,500 ಜನ. ಆತಂಕ, ಖಿನ್ನತೆ ಮತ್ತು ನೋವು ಸ್ವಲ್ಪ ಮಟ್ಟಿಗೆ ತಗ್ಗುತ್ತವೆ ಎಂಬುದಕ್ಕೆ ಸಾಧಾರಣ ಮಟ್ಟದ ಪುರಾವೆ ದೊರೆಯಿತು. ನಿದ್ದೆ, ದೇಹತೂಕ, ಏಕಾಗ್ರತೆಯಂಥ ವಿಷಯಗಳಲ್ಲಿ ಪುರಾವೆ ಸಾಲದಾಯಿತು. ವ್ಯಾಯಾಮ ಅಥವಾ ಔಷಧಕ್ಕಿಂತ ಧ್ಯಾನ ಮೇಲು ಎನ್ನುವುದಕ್ಕಂತೂ ಆಧಾರವೇ ಸಿಗಲಿಲ್ಲ.

ಅಂದರೆ ಲಾಭ ಇದೆ, ಅದಕ್ಕೆ ಮಿತಿಯೂ ಇದೆ. ನಡಿಗೆಯನ್ನೂ ವೈದ್ಯರ ಗುಳಿಗೆಯನ್ನೂ ಬಿಟ್ಟು ಧ್ಯಾನವೊಂದನ್ನೇ ನಂಬುತ್ತೇನೆ ಎನ್ನುವವರು ಇಲ್ಲಿಗೇ ನಿಲ್ಲುವುದು ಒಳ್ಳೆಯದು.

ಇನ್ನೊಂದು ಮಾತು. ಲಾಭ ಕುಳಿತಾಗ ಕಾಣಿಸುವುದಿಲ್ಲ, ಎದ್ದ ಮೇಲೆ ಕಾಣಿಸುತ್ತದೆ. ಅದೂ ಸಣ್ಣ ಸಂಗತಿಗಳಲ್ಲಿ. ಯಾರೋ ಚುಚ್ಚಿ ಮಾತಾಡಿದಾಗ ತಿರುಗಿ ಹೇಳುವ ಮುನ್ನ ಒಂದು ಕ್ಷಣ ಸಿಗುತ್ತದೆ. ರಾತ್ರಿ ಹಾಸಿಗೆಯಲ್ಲಿ ನಾಳೆಯ ಚಿಂತೆ ಶುರುವಾದಾಗ "ಓ, ಮತ್ತೆ ಶುರುವಾಯಿತು" ಎಂದು ಬೇಗ ಗೊತ್ತಾಗುತ್ತದೆ. ಇಷ್ಟೇ. ಆದರೆ ದಿನಕ್ಕೆ ಹತ್ತು ಕಡೆ ಇಷ್ಟು ಸಿಕ್ಕರೆ ಆ ದಿನದ ಬಣ್ಣವೇ ಬೇರೆ.

## ಹಂತ 1: ಒಂದೇ ವಿಧಾನ ಆರಿಸಿ, ಎಂಟು ವಾರ ಬದಲಿಸಬೇಡಿ

ಮಂತ್ರ, ಉಸಿರು, ಜ್ಯೋತಿ, ದೇಹದ ಭಾಗಗಳನ್ನು ಗಮನಿಸುವುದು, ಮೈತ್ರಿಭಾವನೆ: ವಿಧಾನಗಳಿಗೆ ಬರವಿಲ್ಲ. ತೊಂದರೆ ಆಗುವುದು ಸೋಮವಾರ ಒಂದು, ಬುಧವಾರ ಇನ್ನೊಂದು ಮಾಡುವುದರಿಂದ. ಪ್ರತಿ ವಿಧಾನದಲ್ಲೂ ಬೇಸರ ಹುಟ್ಟುವ ಒಂದು ಘಟ್ಟ ಇರುತ್ತದೆ. ಅಲ್ಲಿಗೆ ಬಂದಾಗಲೆಲ್ಲ ವಿಧಾನ ಬದಲಿಸುವವರು ಆ ಘಟ್ಟವನ್ನು ಎಂದೂ ದಾಟುವುದಿಲ್ಲ.

ಈ ಬರಹದಲ್ಲಿ ಉಸಿರನ್ನು ಹಿಡಿದಿದ್ದೇವೆ. ಉಸಿರು ಯಾವಾಗಲೂ ಜೊತೆಯಲ್ಲಿರುತ್ತದೆ, ಅದಕ್ಕೆ ಖರ್ಚಿಲ್ಲ, ಯಾವ ನಂಬಿಕೆಯವರಿಗೂ ಅಡ್ಡಿಯಿಲ್ಲ. ಆಸ್ತಮಾದಂಥ ತೊಂದರೆಯಿಂದ ಉಸಿರಿನತ್ತ ಗಮನ ಹೋದರೇ ಗಾಬರಿಯಾಗುವವರು ಅದರ ಬದಲು ಅಂಗಾಲು ನೆಲಕ್ಕೆ ತಾಗುವ ಸ್ಪರ್ಶವನ್ನೋ, ಸುತ್ತಲಿನ ಶಬ್ದಗಳನ್ನೋ ಆರಿಸಿಕೊಳ್ಳಲಿ. ಉಳಿದ ಹಂತಗಳೆಲ್ಲ ಹಾಗೇ ಅನ್ವಯಿಸುತ್ತವೆ.

ಎಂಟು ವಾರ ಏಕೆ? ಮೇಲೆ ಹೇಳಿದಂಥ ಪ್ರಯೋಗಗಳಲ್ಲಿ ಬಹಳಷ್ಟು ನಡೆದಿರುವುದು ಸುಮಾರು ಅಷ್ಟೇ ಅವಧಿಗೆ. ಅದಕ್ಕೂ ಮೊದಲೇ ತೀರ್ಪು ಕೊಡುವುದು ಆತುರವಾದೀತು.

## ಹಂತ 2: ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಇನ್ನೊಂದು ಕೆಲಸಕ್ಕೆ ಕಟ್ಟಿ

"ದಿನಾ ಬೆಳಿಗ್ಗೆ ಆರಕ್ಕೆ" ಎಂಬ ಸಂಕಲ್ಪ ಒಂದು ದಿನ ಆರೂ ಕಾಲಿಗೆ ಎಚ್ಚರವಾದರೆ ಮುರಿದು ಬೀಳುತ್ತದೆ. ಅದರ ಬದಲು ನೀವು ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೆ ಇದನ್ನು ಅಂಟಿಸಿ. "ಹಲ್ಲುಜ್ಜಿ ಮುಖ ತೊಳೆದ ಕೂಡಲೇ", "ಸ್ನಾನವಾದ ಮೇಲೆ", "ಕಚೇರಿಯಿಂದ ಬಂದು ಬಟ್ಟೆ ಬದಲಿಸಿದ ಮೇಲೆ". ಹಲ್ಲುಜ್ಜುವುದು ತಡವಾಗಬಹುದು, ತಪ್ಪುವುದಿಲ್ಲ.

ಎರಡು ಹೊತ್ತುಗಳನ್ನು ತಪ್ಪಿಸಿ. ಹೊಟ್ಟೆ ತುಂಬ ಊಟವಾದ ತಕ್ಷಣ ಕುಳಿತರೆ ತೂಕಡಿಕೆ ಖಚಿತ. ರಾತ್ರಿ ದೀಪ ಆರಿಸುವ ಮುನ್ನ ಹಾಸಿಗೆಯ ಮೇಲೆ ಕುಳಿತರೆ ಮೆದುಳು ಅದನ್ನು ನಿದ್ದೆಯ ಪೀಠಿಕೆ ಎಂದೇ ಕಲಿಯುತ್ತದೆ. ಬೆಳಿಗ್ಗೆ ಎದ್ದು ಮೊಬೈಲ್ ನೋಡುವ ಮುನ್ನ ಕೂರುವುದು ಹೆಚ್ಚಿನವರಿಗೆ ಸುಲಭ. ಒಮ್ಮೆ ಸಂದೇಶಗಳನ್ನು ಓದಿದಿರೆಂದರೆ ಅವುಗಳ ಉತ್ತರವನ್ನೇ ಧ್ಯಾನದುದ್ದಕ್ಕೂ ಬರೆಯುತ್ತಿರುತ್ತೀರಿ.

ಅಭ್ಯಾಸ ಕೈಗೂಡಲು 21 ದಿನ ಸಾಕೆಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ಅಭ್ಯಾಸಗಳನ್ನು ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅವಧಿಯ ಮಧ್ಯಾಂಕ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ಬದಲಾಗುತ್ತದೆಂಬುದು ಅವರ ಅಂದಾಜು. ನಮಗೆ ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಆದ್ದರಿಂದ ಒಂದು ದಿನ ತಪ್ಪಿತೆಂದು ವ್ರತಭಂಗವಾದಂತೆ ಕೊರಗಬೇಡಿ. ಎರಡನೆಯ ದಿನ ತಪ್ಪದಂತೆ ನೋಡಿಕೊಂಡರೆ ಸಾಕು.

## ಹಂತ 3: ಬೇಕಾದ ಸಲಕರಣೆ

ಇದನ್ನು ಬೇಗ ಮುಗಿಸೋಣ. ಗಟ್ಟಿಯಾದ ಒಂದು ದಿಂಬು ಅಥವಾ ಮಡಚಿದ ಕಂಬಳಿ. ನೆಲದ ಮೇಲೆ ಕೂರಲಾಗದವರಿಗೆ ಕೈಯಿಲ್ಲದ ಕುರ್ಚಿ. ಮೆಲ್ಲಗೆ ಸದ್ದು ಮಾಡುವ ಅಲಾರಂ. ಚಳಿಯಾದರೆ ಹೊದೆಯಲು ಒಂದು ಶಾಲು, ಏಕೆಂದರೆ ಅಲುಗಾಡದೆ ಕುಳಿತಾಗ ಮೈ ತಣ್ಣಗಾಗುವುದುಂಟು.

ಮೊಬೈಲನ್ನೇ ಅಲಾರಂ ಮಾಡಿಕೊಳ್ಳುವುದಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಪರದೆ ಕೆಳಮುಖವಾಗಿ, ಕೈಗೆಟುಕದಷ್ಟು ದೂರದಲ್ಲಿಡಿ. ಅಲಾರಂ ಇಲ್ಲದೆ ಕೂರುವುದು ಹೊಸಬರು ಮಾಡುವ ದೊಡ್ಡ ತಪ್ಪು. ಅದಿಲ್ಲದಿದ್ದರೆ "ಎಷ್ಟು ಹೊತ್ತಾಯಿತೋ" ಎಂಬ ಒಂದೇ ಯೋಚನೆ ಉಳಿದೆಲ್ಲವನ್ನೂ ನುಂಗುತ್ತದೆ.

ಊದುಬತ್ತಿ, ಸಂಗೀತ, ದುಬಾರಿ ಆಸನ, ತಿಂಗಳ ಚಂದಾ ಕೇಳುವ ಆ್ಯಪ್ ಯಾವುದೂ ಕಡ್ಡಾಯವಲ್ಲ. ಇವಿದ್ದರೆ ಮಾತ್ರ ಕೂರುತ್ತೇನೆ ಎಂಬ ಷರತ್ತು ಬೆಳೆಯುವುದಾದರೆ ಇಲ್ಲದಿರುವುದೇ ವಾಸಿ.

## ಹಂತ 4: ಭಂಗಿ, ಕೆಳಗಿನಿಂದ ಮೇಲಕ್ಕೆ

ಭಂಗಿಯನ್ನು ಜನ ಮೇಲಿನಿಂದ ಸರಿಪಡಿಸಲು ಹೋಗುತ್ತಾರೆ: ಮೊದಲು ಎದೆಯುಬ್ಬಿಸಿ, ಭುಜ ಹಿಂದಕ್ಕೆಳೆದು, ಗದ್ದ ಎತ್ತಿ. ಮೂರು ನಿಮಿಷಕ್ಕೆ ಬೆನ್ನು ಸೋಲುತ್ತದೆ. ಅಡಿಪಾಯದಿಂದ ಶುರುಮಾಡಿ.

ನೆಲದ ಮೇಲಾದರೆ ದಿಂಬಿನ ಮುಂದಿನ ಅಂಚಿನಲ್ಲಿ ಕುಳಿತು ಕಾಲು ಮಡಚಿ. ಸೊಂಟ ಮಂಡಿಗಿಂತ ಎತ್ತರದಲ್ಲಿರಬೇಕು. ಇದು ಈ ಹಂತದ ಮುಖ್ಯ ಸೂತ್ರ. ಮಂಡಿಗಳು ಗಾಳಿಯಲ್ಲಿ ನಿಂತಿದ್ದರೆ ದಿಂಬನ್ನು ಇನ್ನಷ್ಟು ಎತ್ತರಿಸಿ, ಅಥವಾ ಮಂಡಿಯ ಕೆಳಗೆ ಬಟ್ಟೆಯ ಸುರುಳಿಯಿಡಿ. ಸೊಂಟ ತಗ್ಗಿನಲ್ಲಿದ್ದರೆ ಕೆಳಬೆನ್ನು ಹಿಂದಕ್ಕೆ ಬಾಗುತ್ತದೆ, ಅದನ್ನು ನೆಟ್ಟಗಿಡಲು ಸ್ನಾಯುಗಳು ಇಡೀ ಹೊತ್ತು ದುಡಿಯಬೇಕಾಗುತ್ತದೆ.

ಕುರ್ಚಿಯಾದರೆ ಮುಂದಕ್ಕೆ ಸರಿದು, ಬೆನ್ನನ್ನು ಒರಗಿಸದೆ, ಎರಡೂ ಪಾದಗಳನ್ನು ನೆಲಕ್ಕೆ ಪೂರ್ತಿಯಾಗಿ ಊರಿ. ಬೆನ್ನುನೋವಿದ್ದರೆ ಒರಗಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಕುರ್ಚಿಯ ಧ್ಯಾನ ಕೆಳದರ್ಜೆಯದು ಎಂಬುದು ಮಂಡಿ ಗಟ್ಟಿಯಿರುವವರು ಹುಟ್ಟಿಸಿದ ಮಾತು.

ಇನ್ನು ಮೇಲಕ್ಕೆ ಬನ್ನಿ. ಸೊಂಟ ಸರಿಯಾದರೆ ಬೆನ್ನು ತಾನಾಗಿ ಏಳುತ್ತದೆ. ಭುಜಗಳನ್ನು ಒಮ್ಮೆ ಕಿವಿಯತ್ತ ಎತ್ತಿ ಬಿಟ್ಟುಬಿಡಿ. ಕೈಗಳು ತೊಡೆಯ ಮೇಲೆ, ಹೇಗಾದರೂ ಸರಿ. ಗದ್ದ ಒಂದಿಷ್ಟು ಒಳಕ್ಕೆ. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಜಾಗ, ನಾಲಿಗೆ ಸಡಿಲ. ದವಡೆಯನ್ನು ಪ್ರತ್ಯೇಕವಾಗಿ ಗಮನಿಸಿ. ದಿನವಿಡೀ ಕಚ್ಚಿ ಹಿಡಿದಿರುವ ಸ್ನಾಯು ಅದು, ಸಡಿಲಿಸಿದಾಗಲೇ ಎಷ್ಟು ಬಿಗಿದಿತ್ತೆಂದು ತಿಳಿಯುವುದು.

ಕಣ್ಣು ಮುಚ್ಚಬಹುದು. ನಿದ್ದೆ ಬರುವವರು ಮತ್ತು ಕಣ್ಣು ಮುಚ್ಚಿದರೆ ಕಸಿವಿಸಿಯಾಗುವವರು ಅರ್ಧ ತೆರೆದು, ಮೂರು ನಾಲ್ಕು ಅಡಿ ಮುಂದಿನ ನೆಲದ ಮೇಲೆ ದೃಷ್ಟಿ ನಿಲ್ಲಿಸಲಿ.

ಎಚ್ಚರಿಕೆ: ಜೋಮು ಮತ್ತು ನೋವನ್ನು ಒಂದೇ ಎಂದುಕೊಳ್ಳಬೇಡಿ. ಜೋಮು ನರದ ಮೇಲೆ ಒತ್ತಡ ಬೀಳುವುದರಿಂದ ಬರುತ್ತದೆ. ಮಂಡಿಯ ಹೊರಬದಿಯಲ್ಲಿ ಚರ್ಮಕ್ಕೆ ಸಮೀಪದಲ್ಲೇ ಒಂದು ನರ ಹಾದುಹೋಗುತ್ತದೆ, ಕಾಲು ಮಡಚಿದಾಗ ಅದು ಸುಲಭವಾಗಿ ಸಿಕ್ಕಿಬೀಳುತ್ತದೆ. ಕಾಲು ಬಿಡಿಸಿದ ಕೆಲವೇ ನಿಮಿಷಗಳಲ್ಲಿ ಜೋಮು ಹೋಗಬೇಕು. ಹೋಗದಿದ್ದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಅಥವಾ ಮಂಡಿಯೊಳಗೆ ಚುಚ್ಚಿದಂಥ ನೋವು ಬಂದರೆ ಆ ಭಂಗಿ ನಿಮ್ಮದಲ್ಲ. ನೋವನ್ನು ಸಹಿಸಿ ಕೂರುವುದನ್ನು ತಪಸ್ಸೆಂದು ತಿಳಿದು ಕೀಲು ಕೆಡಿಸಿಕೊಳ್ಳಬೇಡಿ.

## ಹಂತ 5: ಮೊದಲ ಒಂದು ನಿಮಿಷ

ಓಡಾಟದಿಂದ ನೇರ ಧ್ಯಾನಕ್ಕೆ ಜಿಗಿಯಬೇಡಿ. ಐದಾರು ಉಸಿರುಗಳನ್ನು ಬೇಕೆಂದೇ ನಿಧಾನ ಮಾಡಿ. ಮೂಗಿನಿಂದ ಸಹಜವಾಗಿ ಒಳಗೆಳೆದು, ಒಳಗೆಳೆದದ್ದಕ್ಕಿಂತ ಉದ್ದವಾಗಿ ಹೊರಬಿಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ.

ಉಸಿರು ಹೊರಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುವುದು ದೇಹದ ಸಹಜ ಧರ್ಮ. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಆ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಮೇಲಿನ ಎಣಿಕೆಯಲ್ಲಿ ಅದು ಸುಮಾರು ಆರಕ್ಕೆ ಇಳಿಯುತ್ತದೆ. ಮೈಗೆ "ಅವಸರವಿಲ್ಲ" ಎಂಬ ಸುದ್ದಿ ಮುಟ್ಟಿಸಲು ಇಷ್ಟು ಸಾಕು.

ತಲೆ ಹಗುರಾದಂತೆ, ಬೆರಳ ತುದಿ ಅಥವಾ ತುಟಿ ಚುರುಗುಟ್ಟಿದಂತೆ ಅನಿಸಿದರೆ ನೀವು ಅಗತ್ಯಕ್ಕಿಂತ ಜಾಸ್ತಿ ಗಾಳಿ ಎಳೆಯುತ್ತಿದ್ದೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಹೀಗಾಗುತ್ತದೆ. ಅದನ್ನು ದಿವ್ಯಾನುಭವವೆಂದು ಮುಂದುವರಿಸಬೇಡಿ. ಎಣಿಕೆ ಬಿಟ್ಟು ಮಾಮೂಲಿಯಾಗಿ ಉಸಿರಾಡಿ, ಸರಿಹೋಗುತ್ತದೆ. ಉಸಿರು ಬಿಗಿಹಿಡಿಯುವ ಅಭ್ಯಾಸ ಈ ಮಾರ್ಗದರ್ಶಿಯಲ್ಲಿ ಎಲ್ಲಿಯೂ ಇಲ್ಲ. ಹೃದಯದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಅದನ್ನು ತಾವಾಗಿ ಸೇರಿಸಿಕೊಳ್ಳಲೂಬಾರದು.

## ಹಂತ 6: ಒಂದೇ ಬಿಂದು, ಹತ್ತರ ಎಣಿಕೆ

ಈಗ ಉಸಿರನ್ನು ಅದರ ಪಾಡಿಗೆ ಬಿಡಿ. ಉದ್ದವೋ ಗಿಡ್ಡವೋ ಅದರ ಇಷ್ಟ. ಉಸಿರು ಎಲ್ಲಿ ನಿಚ್ಚಳವಾಗಿ ತಿಳಿಯುತ್ತದೆಂದು ಹುಡುಕಿ: ಮೂಗಿನ ಹೊಳ್ಳೆಗಳ ಅಂಚಿನಲ್ಲಿ ತಣ್ಣಗೆ ಒಳಹೋಗಿ ಬೆಚ್ಚಗೆ ಹೊರಬರುವ ಗಾಳಿ, ಅಥವಾ ಹೊಕ್ಕುಳ ಸುತ್ತ ಏರಿಳಿಯುವ ಹೊಟ್ಟೆ. ಎರಡರಲ್ಲೊಂದು. ಆರಿಸಿದ ಮೇಲೆ ಆ ದಿನ ಜಾಗ ಬದಲಿಸಬೇಡಿ.

ಪ್ರತಿ ಹೊರಉಸಿರಿಗೆ ಒಂದು ಸಂಖ್ಯೆ, ಒಂದರಿಂದ ಹತ್ತರವರೆಗೆ, ಮತ್ತೆ ಒಂದಕ್ಕೆ. ಎಣಿಕೆ ತಪ್ಪಿದರೆ ಒಂದರಿಂದ ಶುರು. "ಹದಿನೇಳು" ಎಂದು ಎಣಿಸುತ್ತಿರುವುದು ಅರಿವಿಗೆ ಬಂದರೂ ಒಂದರಿಂದಲೇ ಶುರು. ಮೊದಲ ವಾರದಲ್ಲಿ ಒಮ್ಮೆಯೂ ಹತ್ತು ಮುಟ್ಟದಿದ್ದರೆ ಏನೂ ಕೆಟ್ಟಿಲ್ಲ.

ಇಲ್ಲಿ ಆಗುವ ತಪ್ಪುಗಳು ಎರಡು. ಎಣಿಕೆಗೆ ತಕ್ಕಂತೆ ಉಸಿರನ್ನು ಎಳೆಯುವುದು ಮೊದಲನೆಯದು. ಉಸಿರು ಮುಂದೆ, ಸಂಖ್ಯೆ ಹಿಂದೆ ಇರಬೇಕು. ಸಂಖ್ಯೆ ಓಡುತ್ತಿದ್ದು, ಉಸಿರಿನ ಸ್ಪರ್ಶವೇ ಮರೆತುಹೋಗುವುದು ಎರಡನೆಯದು. ಇದು ಮೋಸದ ತಪ್ಪು, ಏಕೆಂದರೆ ಎಣಿಕೆ ಸರಿಯಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಹೀಗೆ ಎಣಿಸಿಕೊಂಡೇ ಕಾಲ ಕಳೆಯಬಹುದು.

## ಹಂತ 7: ಅಲೆದ ಗಮನ ಮರಳುವ ಕ್ಷಣ

ಉಳಿದೆಲ್ಲ ಹಂತಗಳೂ ಈ ಒಂದಕ್ಕಾಗಿ ಇವೆ. ಹಿಂದೆ ಕೈಬಿಟ್ಟವರು ಸೋತದ್ದೂ ಇಲ್ಲಿಯೇ.

ಒಂದು ನಿಮಿಷದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಒಂದು, ಎರಡು, ಮೂರು. ಮೂರನೆಯ ಉಸಿರಿನ ಕೊನೆಯಲ್ಲಿ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿದ ಸದ್ದು. ಬೀಗ ಹಾಕಿದೆನೇ? ನಿನ್ನೆಯೂ ಹೀಗೇ ಆಯಿತು. ನಿನ್ನೆ ಸಭೆಯಲ್ಲಿ ಅವರು ಹಾಗೆ ಹೇಳಬಾರದಿತ್ತು. ನಾಳೆ ಸಿಕ್ಕಾಗ ಹೀಗೆ ಕೇಳಬೇಕು. ಅವರು ಹೀಗೆಂದರೆ ನಾನು ಹಾಗೆನ್ನುತ್ತೇನೆ. ಮಾತು ಬಿಸಿಯೇರುತ್ತದೆ, ಹುಬ್ಬು ಗಂಟಾಗುತ್ತದೆ, ಕುಳಿತವರು ಕುಳಿತಲ್ಲೇ ಜಗಳ ಗೆದ್ದೂ ಬಿಡುತ್ತಾರೆ. ಆಮೇಲೆ, ಯಾರೂ ಹೇಳದೆಯೇ, ಒಂದು ಎಚ್ಚರ: ಅರೆ, ನಾನು ಉಸಿರು ನೋಡುತ್ತಿದ್ದೆನಲ್ಲ.

ಆ "ಅರೆ" ಎಂಬ ಕ್ಷಣವೇ ಧ್ಯಾನದ ಕೆಲಸ ನಡೆಯುವ ಜಾಗ. ಅದಕ್ಕೂ ಮೊದಲಿನ ಅಲೆದಾಟ ನಿಮ್ಮ ಕೈಯಲ್ಲಿರಲಿಲ್ಲ. ಎಚ್ಚರವಾದ ಮೇಲೆ ಏನು ಮಾಡುತ್ತೀರೆಂಬುದು ನಿಮ್ಮ ಕೈಯಲ್ಲಿದೆ. ಹೆಚ್ಚಿನವರು ಇಲ್ಲಿ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ: "ಛೆ, ಮತ್ತೆ ತಪ್ಪಿತು." ಹಾಗೆ ಬೈದುಕೊಳ್ಳುವುದೂ ಇನ್ನೊಂದು ಯೋಚನೆಯೇ. ಎಚ್ಚರವಾದಾಗಲೆಲ್ಲ ಬೈಗುಳ ತಿನ್ನುವ ಮನಸ್ಸು ಎಚ್ಚರವಾಗಲು ಹಿಂಜರಿಯುತ್ತದೆ.

ಅದರ ಬದಲು ಮೂರು ಚಿಕ್ಕ ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿ. ಮೊದಲು, ಬಂದದ್ದಕ್ಕೆ ಒಂದು ಹೆಸರು ಕೊಡಿ: "ಯೋಜನೆ", "ನೆನಪು", "ಸಿಟ್ಟು", "ಶಬ್ದ". ಒಂದೇ ಪದ. ಆವಕ ಪುಸ್ತಕದಲ್ಲಿ ಗುಮಾಸ್ತ ಪತ್ರ ಬಂದದ್ದನ್ನು ದಾಖಲಿಸಿಕೊಳ್ಳುವ ಹಾಗೆ. ಪತ್ರ ಒಡೆದು ಓದುವುದು ಅವನ ಕೆಲಸವಲ್ಲ. ಎರಡನೆಯದಾಗಿ, ಆ ಯೋಚನೆ ಮೈಯಲ್ಲಿ ಎಲ್ಲಿ ಬಿಗಿ ಬಿಟ್ಟು ಹೋಗಿದೆ ನೋಡಿ. ಹುಬ್ಬು, ದವಡೆ, ಹೊಟ್ಟೆ. ಅದನ್ನು ಸಡಿಲಿಸಿ. ಕೊನೆಗೆ, ಮುಂದಿನ ಹೊರಉಸಿರಿಗೆ "ಒಂದು".

ಯೋಚನೆಯನ್ನು ತಡೆಯಲು ಮಾತ್ರ ಹೋಗಬೇಡಿ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ಕರಡಿಯೊಂದನ್ನು ನೆನೆಯಬೇಡಿ ಎಂದು ಜನರಿಗೆ ಹೇಳಲಾಗಿತ್ತು. ಅವರಿಂದ ಅದಾಗಲಿಲ್ಲ, ಕರಡಿ ಮತ್ತೆ ಮತ್ತೆ ಬಂತು. ತಡೆ ಬಿಟ್ಟ ಮೇಲೆ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿಯೇ ಬಂತು. "ಯೋಚನೆ ಬರಬಾರದು" ಎಂದು ಕೂರುವವರ ಪಾಡೂ ಇದೇ.

ಅಲೆಯುವುದು ನಿಮ್ಮೊಬ್ಬರ ದೋಷವೂ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೊಬೈಲ್ ಮೂಲಕ ಕೇಳಿದಾಗ, ಸುಮಾರು 47 ಪಾಲು ಸಂದರ್ಭಗಳಲ್ಲಿ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ನೂರಕ್ಕೆ ನಲವತ್ತೇಳು ಎಂದರೆ ಹತ್ತಿರ ಹತ್ತಿರ ಅರ್ಧ ಬದುಕು. ಹೀಗೆ ಅಲೆದ ಹೊತ್ತಿನಲ್ಲಿ ಅವರು ಕಡಿಮೆ ಸಂತೋಷವಾಗಿದ್ದರು ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಆದ್ದರಿಂದ ಎಷ್ಟು ಹೊತ್ತು ಯೋಚನೆಯಿಲ್ಲದೆ ಕುಳಿತಿರಿ ಎಂದು ಅಳೆಯಬೇಡಿ. ಎಷ್ಟು ಸಲ ಮರಳಿದಿರಿ ಎಂಬುದೇ ಅಳತೆ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಅಲೆದು ಇಪ್ಪತ್ತು ಸಲ ಬಂದವರು ಅಂದು ಚೆನ್ನಾಗಿ ಧ್ಯಾನ ಮಾಡಿದ್ದಾರೆ.

## ಹಂತ 8: ಏಳುವುದು

ಅಲಾರಂ ಆದ ಕೂಡಲೇ ಜಿಗಿದೇಳಬೇಡಿ. ಮೊದಲು ಬೆರಳು ಆಡಿಸಿ, ಕಾಲು ಚಾಚಿ, ಜೋಮು ಪೂರ್ತಿ ಬಿಟ್ಟ ಮೇಲೆ ನಿಲ್ಲಿ. ಜೋಮು ಹಿಡಿದ ಪಾದದ ಮೇಲೆ ಭಾರ ಹಾಕಿದರೆ ಕಾಲು ಉಳುಕಬಹುದು. ರಕ್ತದೊತ್ತಡ ಕಡಿಮೆಯಿರುವವರು ಇನ್ನಷ್ಟು ನಿಧಾನವಾಗಿ ಏಳಲಿ.

ಮುಂದೆ ಏನು ಮಾಡಲಿದ್ದೀರಿ ಎಂಬುದನ್ನು ಕುಳಿತಲ್ಲೇ ನಿರ್ಧರಿಸಿ ಏಳಿ. ಇಲ್ಲದಿದ್ದರೆ ಕೈ ತಾನಾಗಿ ಮೊಬೈಲ್ ಕಡೆ ಹೋಗುತ್ತದೆ.

## ಹಂತ 9: ದಿನದೊಳಕ್ಕೆ ತರುವುದು

ಕುಳಿತದ್ದು ಕುಳಿತಲ್ಲೇ ಉಳಿದರೆ ಲಾಭ ಅರ್ಧ. ಎರಡನೆಯ ವಾರದಿಂದ ದಿನದಲ್ಲಿ ಮೂರು ಗುರುತುಗಳನ್ನು ಆರಿಸಿ. ಫೋನ್ ರಿಂಗಣಿಸಿದಾಗ ಎತ್ತುವ ಮುನ್ನ ಒಂದು ಪೂರ್ತಿ ಉಸಿರು. ಬಾಗಿಲ ಹಿಡಿಕೆಗೆ ಕೈಯಿಟ್ಟಾಗ ಭುಜ ಸಡಿಲಿಸುವುದು. ಸಂದೇಶಕ್ಕೆ ಉತ್ತರ ಬರೆದು ಕಳುಹಿಸುವ ಮುನ್ನ ಬೆರಳನ್ನು ಎರಡು ಸೆಕೆಂಡ್ ತಡೆಯುವುದು. ಮೂರಕ್ಕಿಂತ ಹೆಚ್ಚು ಗುರುತು ಬೇಡ, ನೆನಪಿರುವುದಿಲ್ಲ.

ಸಿಟ್ಟು ಅಥವಾ ಆತಂಕ ಬಂದಾಗ ಏಳನೆಯ ಹಂತದ ಹೆಸರಿಡುವ ಕ್ರಮವನ್ನೇ ಬಳಸಿ: "ಸಿಟ್ಟು ಬಂದಿದೆ." ಭಾವನೆಗೆ ಹೆಸರಿಟ್ಟಾಗ ಮೆದುಳಿನಲ್ಲಿ ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಉದ್ರೇಕ ತಗ್ಗುವುದನ್ನು 2007ರ ಮೆದುಳು ಚಿತ್ರಣದ ಅಧ್ಯಯನವೊಂದು ತೋರಿಸಿದೆ. ಇದರಿಂದ ಸಿಟ್ಟು ಮಾಯವಾಗುತ್ತದೆಂದು ಕಾಯಬೇಡಿ. ನ್ಯಾಯವಾದ ಸಿಟ್ಟನ್ನು ನುಂಗಿಕೊಳ್ಳಿ ಎಂಬುದೂ ಇದರ ಅರ್ಥವಲ್ಲ. ಹೇಳಬೇಕಾದದ್ದನ್ನು ಹೇಳಿ, ಪದಗಳನ್ನು ಆರಿಸಿ ಹೇಳಲು ಸಮಯ ಸಿಕ್ಕಿತಲ್ಲ, ಅಷ್ಟೇ. ಅನ್ಯಾಯವನ್ನು ಸಹಿಸಿಕೊಂಡಿರಲು ಧ್ಯಾನವನ್ನು ಮದ್ದಿನಂತೆ ಹಂಚುವವರನ್ನು ಕಂಡರೆ ಈ ಬರಹಗಾರನಿಗೆ ಅನುಮಾನ.

## ಹಂತ 10: ಹೊತ್ತನ್ನು ಹೆಚ್ಚಿಸುವ ಕ್ರಮ

ಮೊದಲ ಎರಡು ವಾರ ದಿನಕ್ಕೆ ಐದೇ ನಿಮಿಷ. ಚೆನ್ನಾಗಿ ಆಗುತ್ತಿದೆ ಎನಿಸಿದರೂ ಐದೇ. ಇನ್ನೂ ಕೂರಬಹುದಿತ್ತು ಎನ್ನುವಾಗ ಎದ್ದವರು ಮರುದಿನ ಬರುತ್ತಾರೆ. ಸಾಕಪ್ಪಾ ಎನ್ನುವವರೆಗೆ ಕುಳಿತವರು ಬರುವುದಿಲ್ಲ.

ಮೂರು ಮತ್ತು ನಾಲ್ಕನೆಯ ವಾರ ಎಂಟು ನಿಮಿಷ. ಐದರಿಂದ ಎಂಟನೆಯ ವಾರದವರೆಗೆ ಹನ್ನೆರಡರಿಂದ ಹದಿನೈದು. ಅಷ್ಟರಲ್ಲಿ ಎಣಿಕೆ ಸಲೀಸಾಗಿದ್ದರೆ ಸಂಖ್ಯೆಗಳನ್ನು ಬಿಟ್ಟು ಬರೀ ಸ್ಪರ್ಶವನ್ನು ಗಮನಿಸಿ ನೋಡಿ, ಚದುರಿದರೆ ಮತ್ತೆ ಎಣಿಕೆಗೆ ಬನ್ನಿ. ಕಾಯಿಲೆ, ಪ್ರಯಾಣ, ಮನೆಯಲ್ಲಿ ಗದ್ದಲ ಇರುವ ದಿನ ಮೂರು ಉಸಿರು ಸಾಕು. ಆದರೆ ಮಾಮೂಲಿ ಜಾಗದಲ್ಲಿ, ಮಾಮೂಲಿ ಕೆಲಸದ ಬೆನ್ನಿಗೆ.

## ಮತ್ತೆ ಮತ್ತೆ ಬರುವ ಅಡ್ಡಿಗಳು

ತೂಕಡಿಕೆ. ಮೊದಲು ರಾತ್ರಿಯ ನಿದ್ದೆ ಸಾಲುತ್ತಿದೆಯೇ ನೋಡಿ. ಸಾಲದಿದ್ದರೆ ಧ್ಯಾನದ ಹೊತ್ತನ್ನೂ ನಿದ್ದೆಗೇ ಕೊಡಿ. ನಿದ್ದೆ ಸಾಕಷ್ಟಿದ್ದೂ ತೂಕಡಿಸಿದರೆ ಕಣ್ಣು ತೆರೆದು ಕೂರಿ, ಅಥವಾ ನಿಂತು ಮಾಡಿ. ಅದೂ ಆಗದಿದ್ದರೆ ಹತ್ತು ಹೆಜ್ಜೆ ಉದ್ದದ ಜಾಗದಲ್ಲಿ ನಿಧಾನವಾಗಿ ಹಿಂದೆ ಮುಂದೆ ನಡೆಯುತ್ತ ಅಂಗಾಲಿನ ಸ್ಪರ್ಶವನ್ನು ಗಮನಿಸಿ.

ತುರಿಕೆ. ಕೂಡಲೇ ಕೆರೆಯಬೇಡಿ, ಮೂರು ಉಸಿರು ಕಾಯಿರಿ. ಬಹಳ ಸಲ ತಾನಾಗಿ ಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕೆರೆದುಕೊಂಡು ಮುಂದುವರಿಯಿರಿ.

ಶಬ್ದ. ನಿಶ್ಶಬ್ದ ಸಿಗುವವರೆಗೆ ಕಾದರೆ ಕೂರುವುದೇ ಇಲ್ಲ. "ಶಬ್ದ" ಎಂದು ಹೆಸರಿಟ್ಟು ಮರಳಿ.

ನಿನ್ನೆಯ ಸುಖ. ಒಂದು ದಿನ ಅಚ್ಚರಿಯ ನೆಮ್ಮದಿ ಸಿಗುತ್ತದೆ. ಮರುದಿನ ಅದನ್ನೇ ಹುಡುಕುತ್ತ ಕೂರುತ್ತೀರಿ, ಸಿಗುವುದಿಲ್ಲ, ನಿರಾಶೆಯಾಗುತ್ತದೆ. ಯೋಚನೆಗಳ ಗದ್ದಲಕ್ಕಿಂತ ಇದೇ ಹೆಚ್ಚು ಜನರನ್ನು ಎಬ್ಬಿಸಿ ಕಳುಹಿಸುತ್ತದೆ ಎಂಬುದು ನನ್ನ ಗುಮಾನಿ. ಒಳ್ಳೆಯ ದಿನಕ್ಕೂ "ಸುಖ" ಎಂದು ಹೆಸರಿಟ್ಟು ಉಸಿರಿಗೆ ಮರಳುವುದನ್ನು ರೂಢಿಸಿಕೊಳ್ಳಿ.

## ನಿಲ್ಲಿಸಬೇಕಾದ ಲಕ್ಷಣಗಳು

ಧ್ಯಾನ ಎಲ್ಲರಿಗೂ ಎಲ್ಲ ಕಾಲಕ್ಕೂ ನಿರಪಾಯ ಎಂಬ ಮಾತು ನಿಜವಲ್ಲ. ಶಾಂತವಾಗಲು ಯತ್ನಿಸಿದಾಗಲೇ ಆತಂಕ ಏರುವ ಸ್ಥಿತಿ ವೈದ್ಯರಿಗೆ ಪರಿಚಿತವಾದದ್ದೇ. ಕುಳಿತಾಗ ಅಳು ಬರುವುದು, ಹಳೆಯ ನೆನಪು ಮೇಲೇಳುವುದು ಸಾಮಾನ್ಯ, ಎದ್ದ ಮೇಲೆ ಹೋಗುವುದಾದರೆ ಚಿಂತಿಸಬೇಕಿಲ್ಲ.

ಆದರೆ ಕುಳಿತಾಗಲೆಲ್ಲ ಎದೆ ಹೊಡೆದುಕೊಂಡು ಭಯ ಏರುತ್ತಿದ್ದರೆ ಅಭ್ಯಾಸ ನಿಲ್ಲಿಸಿ. ಹಿಂದೆ ಅನುಭವಿಸಿದ ಆಘಾತ ಈಗಲೇ ನಡೆಯುತ್ತಿರುವಂತೆ ಕಾಣುವುದು, ಮೈ ನಿಮ್ಮದಲ್ಲವೆಂಬ ಅಥವಾ ಸುತ್ತಲಿನದು ನಿಜವಲ್ಲವೆಂಬ ಭಾವ ಎದ್ದ ಮೇಲೂ ಉಳಿಯುವುದು, ಇಲ್ಲದ ಧ್ವನಿ ಕೇಳಿಸುವುದು, ನಿದ್ದೆ ಬೇಡವಾಗಿ ಮಿತಿಮೀರಿದ ಉತ್ಸಾಹ ದಿನಗಟ್ಟಲೆ ಇರುವುದು, ಬದುಕೇ ಬೇಡವೆನಿಸುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. "ಇನ್ನಷ್ಟು ಧ್ಯಾನ ಮಾಡಿ, ಸರಿಹೋಗುತ್ತದೆ" ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಹಿಂದೆ ಇಂಥ ತೊಂದರೆ ಇದ್ದವರು ಶುರುಮಾಡುವ ಮುನ್ನವೇ ವೈದ್ಯರನ್ನು ಕೇಳಬೇಕು, ಬಹುದಿನಗಳ ಮೌನ ಶಿಬಿರಗಳಿಗಂತೂ ಕೇಳದೆ ಹೋಗಬಾರದು.

ಆತಂಕವೋ ತಳಮಳವೋ ಕುಳಿತ ನಡುವೆಯೇ ಬಂದರೆ ಕಣ್ಣು ತೆರೆಯಿರಿ, ಪಾದಗಳನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ, ಎದ್ದು ನಡೆದಾಡಿ, ಯಾರೊಡನಾದರೂ ಮಾತಾಡಿ. ಮತ್ತೆ ಶುರುಮಾಡುವಾಗ ಎರಡೇ ನಿಮಿಷ, ಕಣ್ಣು ತೆರೆದೇ, ಉಸಿರಿನ ಬದಲು ಪಾದದ ಸ್ಪರ್ಶದ ಮೇಲೆ. ರಕ್ತದೊತ್ತಡ, ಖಿನ್ನತೆ, ಆತಂಕಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಎಷ್ಟೇ ಹಗುರವೆನಿಸಿದರೂ ಪ್ರಮಾಣವನ್ನು ತಾವಾಗಿ ಇಳಿಸಬಾರದು. ಮುಂದಿನ ತಪಾಸಣೆಯಲ್ಲಿ ಧ್ಯಾನ ಮಾಡುತ್ತಿರುವುದನ್ನು ವೈದ್ಯರಿಗೆ ತಿಳಿಸಿ, ಇಳಿಸುವ ನಿರ್ಧಾರ ಅವರದಾಗಲಿ.